ಡೇರಿಯ ಕಾಸಿಯಾನ್ ಯಾವ ಕಡೆಯವನು

ನನ್ನ ಭಾವ ಕಾಸಿಯಾನ್ ಬ್ಲಾಸನಿಗೆ ಒಂದು ವಿದ್ಯೆ ಚೆನ್ನಾಗಿ ಬರುತ್ತಿತ್ತು. ಯಾವ ಕೋಣೆಗೆ ಹೋದರೂ ಅಲ್ಲಿ ಯಾರ ದನಿ ಎಲ್ಲರಿಗಿಂತ ದೊಡ್ಡದೆಂದು ಬಾಗಿಲಲ್ಲೇ ಗುರುತು ಹಿಡಿದು, ಟೋಪಿ ತೆಗೆಯುವಷ್ಟರಲ್ಲಿ ಆ ದನಿಯ ಪಕ್ಕ ಜಾಗ ಮಾಡಿಕೊಂಡು ಕೂತಿರುತ್ತಿದ್ದ. ಚೀಸ್ ಮಾಡುವುದೂ ಬರುತ್ತಿತ್ತು, ಇಲ್ಲವೆನ್ನಲಾರೆ. ಟಾರ್ಟೇನ್ ಊರಿನ ಹಾಲೆಲ್ಲ ಬಂದು ಬೀಳುತ್ತಿದ್ದದ್ದು ಅವನ ಡೇರಿಯ ತಾಮ್ರದ ಕೊಪ್ಪರಿಗೆಗೇ. ಅವನು ಮಾಡಿದ ಚೀಸ್ ಗಟ್ಟಿಯಾಗಿರುತ್ತಿತ್ತು. ಅವನು ಮಾತ್ರ ಕೊನೆಯವರೆಗೂ ಗಟ್ಟಿಯಾಗಲಿಲ್ಲ.

ನನ್ನ ಅಕ್ಕ ತೆಕ್ಲಾ ಅವನನ್ನು ಮದುವೆಯಾದದ್ದು ಮೊದಲ ಯುದ್ಧ ಮುಗಿದ ಮೇಲೆ. ಅಷ್ಟು ಹೊತ್ತಿಗೆ ನಮ್ಮ ವಿನ್ಷ್‌ಗೌ ಕಣಿವೆ ಆಸ್ಟ್ರಿಯಾದ ಕೈಬಿಟ್ಟು ಇಟಲಿಯ ಕೈಗೆ ಬಂದಾಗಿತ್ತು. ನಾವು ಮನೆ ಬದಲಿಸಿರಲಿಲ್ಲ, ಗಡಿ ನಮ್ಮ ತಲೆಯ ಮೇಲಿಂದ ದಾಟಿ ಉತ್ತರದ ಬೆಟ್ಟ ಹತ್ತಿ ಕೂತಿತ್ತು. ಅಪ್ಪ ಅಮ್ಮ ಇಬ್ಬರೂ ಇಲ್ಲದ ತಂಗಿ ನಾನು ಅಕ್ಕನ ಜೊತೆಗೇ ಅವಳ ಗಂಡನ ಮನೆಗೆ ಬಂದೆ. ಡೇರಿಯಲ್ಲಿ ಪಾತ್ರೆ ತೊಳೆದೆ, ಚೀಸಿಗೆ ಉಪ್ಪು ಸವರಿದೆ, ಅಕ್ಕನ ಮಗ ವಿಗೀಲನನ್ನು ಎತ್ತಿ ಆಡಿಸಿದೆ. ಹೀಗಾಗಿ ಭಾವನನ್ನು ಹತ್ತಿರದಿಂದ ನೋಡುವ ಭಾಗ್ಯ ನನ್ನದಾಯಿತು.

ಇಟಲಿಯಲ್ಲಿ ಫ್ಯಾಸಿಸ್ಟ್ ಕಪ್ಪಂಗಿಯವರ ಕಾಲ ಬಂದಾಗ ಅವನ ವಿದ್ಯೆಗೆ ಒಳ್ಳೆಯ ಕೆಲಸ ಸಿಕ್ಕಿತು. ಶಾಲೆಯಲ್ಲಿ ನಮ್ಮ ಮನೆಮಾತು ಜರ್ಮನ್ ನಿಲ್ಲಿಸಿದರು. ಅಂಗಡಿಯ ಬೋರ್ಡು, ಬೀದಿಯ ಹೆಸರು, ಕೊನೆಗೆ ಗೋರಿಕಲ್ಲಿನ ಮೇಲಿನ ಅಕ್ಷರ ಕೂಡ ಇಟಾಲಿಯನ್ನಿನಲ್ಲೇ ಇರಬೇಕೆಂದರು. ಟಾರ್ಟೇನ್ ಟಾರ್ಟೆನೋ ಆಯಿತು. ಜನರ ಮನೆತನದ ಹೆಸರನ್ನೂ ಬದಲಿಸಿಕೊಳ್ಳಿ ಎಂದು ಹೇಳತೊಡಗಿದಾಗ ಊರಿನವರು ನಾಳೆ ನೋಡೋಣ, ಹುಲ್ಲು ಕೊಯ್ಲು ಮುಗಿಯಲಿ ಎಂದು ದಿನ ತಳ್ಳಿದರು. ನಮ್ಮ ಭಾವ ಮಾತ್ರ ಯಾರೂ ಕರೆಯುವ ಮೊದಲೇ ಭಾನುವಾರದ ಕೋಟು ಹಾಕಿಕೊಂಡು ಕಚೇರಿಗೆ ಹೋಗಿ ಕಾಸ್ಸಿಯಾನೋ ಬ್ಲಾಸಿ ಆಗಿ ಬಂದ.

"ಹೆಸರಿಗೆ ಒಂದು ಬಾಲ ಅಂಟಿಸ್ಕೊಂಡ್ರೆ ನಮ್ಮದೇನು ಹೋಗುತ್ತೆ?" ಎಂದ ಊಟಕ್ಕೆ ಕೂತಾಗ.

"ಏನೂ ಹೋಗಲ್ಲ ಭಾವ. ಅಲ್ಲಾಡಿಸೋಕೆ ಅನುಕೂಲ," ಎಂದೆ.

ಅಕ್ಕ ಬಾರ್ಲಿ ಸೂಪಿನ ಬಟ್ಟಲಿನೊಳಗೆ ಮುಖ ಬಗ್ಗಿಸಿ ನಕ್ಕಳು. ಅವನು ನಗಲಿಲ್ಲ. ಮರುದಿನದಿಂದ ಡೇರಿಯ ನಾಯಿಯನ್ನೂ ಇಟಾಲಿಯನ್ನಿನಲ್ಲಿ ಕರೆಯತೊಡಗಿದ. ನಾಯಿ ಬರಲಿಲ್ಲ. ಅದಕ್ಕೆ ಅವನಿಗಿಂತ ಮಾನವಿತ್ತು.

ಠಾಣೆಯ ದಫೇದಾರ ಲೋಪ್ರೆಸ್ತಿ ದಕ್ಷಿಣದ ಕಡಲ ಕಡೆಯವನು. ಹೊಟ್ಟೆ ದೊಡ್ಡದು, ನಮ್ಮ ಹಿಮ ಕಂಡರೆ ಅಳುವ ಮುಖ. ದಿನಾ ಬೆಳಿಗ್ಗೆ ಡೇರಿಗೆ ಬಂದು ಒಲೆಯ ಪಕ್ಕ ಕೈ ಕಾಯಿಸಿಕೊಳ್ಳುತ್ತಾ ನಿಲ್ಲುತ್ತಿದ್ದ. ಭಾವ ಅವನಿಗೆ ಹಳೆಯ ಚೀಸಿನ ನಡುಭಾಗ ಕೊಯ್ದು ಕೊಡುತ್ತಿದ್ದ, ನಮಗೆ ಅಂಚು. ಲೋಪ್ರೆಸ್ತಿ ಕೆಟ್ಟವನಲ್ಲ. ಮೇಲಿನವರು ಹೇಳಿದ್ದನ್ನು ಮಾಡುತ್ತಿದ್ದ, ಹೇಳದ್ದನ್ನು ಮಾಡುವಷ್ಟು ಚುರುಕು ಅವನಲ್ಲಿ ಇರಲಿಲ್ಲ. ಹೇಳದ್ದನ್ನು ಮಾಡುವ ಚುರುಕು ನಮ್ಮವರಲ್ಲೇ ಇತ್ತು.

ಊರಿನ ಮೇಲ್ಗಡೆ ಕೊನೆಯ ಮನೆ ನೋಟ್‌ಬುರ್ಗಾ ಟೆಲ್ಸರ್‌ಳದು. ನಾವು ಬುರ್ಗಕ್ಕ ಎನ್ನುತ್ತಿದ್ದೆವು. ಗಂಡ ಯುದ್ಧದಲ್ಲಿ ಬೆಟ್ಟದ ಮೇಲೆ ಸತ್ತಿದ್ದ. ನಾಲ್ಕು ಹಸು, ಒಂದು ಏಪ್ರಿಕಾಟ್ ತೋಟ, ಮಕ್ಕಳಿಲ್ಲ. ಚಳಿಗಾಲದಲ್ಲಿ ಅವಳು ತನ್ನ ಕೊಟ್ಟಿಗೆಯಲ್ಲಿ ಊರಿನ ಮಕ್ಕಳಿಗೆ ಗುಟ್ಟಾಗಿ ಜರ್ಮನ್ ಓದು ಬರಹ ಕಲಿಸುತ್ತಿದ್ದಳು. ಹಸುಗಳ ಉಸಿರಿಗೆ ಅಲ್ಲಿ ಬೆಚ್ಚಗಿರುತ್ತಿತ್ತು. ರೊಟ್ಟಿ ತಟ್ಟುವ ಹಲಗೆಯ ಮೇಲೆ ರೈ ಧಾನ್ಯದ ಹಿಟ್ಟು ಹರಡಿ ಬೆರಳಲ್ಲಿ ಬರೆಸುವಳು. ಹೊರಗೆ ಬೂಟಿನ ಸದ್ದಾದರೆ ಅದೇ ಹಿಟ್ಟಿಗೆ ನೀರು ಹಾಕಿ ಕಲಸತೊಡಗುವಳು. ತೆಕ್ಲಾ ವಿಗೀಲನನ್ನು ಅಲ್ಲಿಗೆ ಕಳಿಸುತ್ತಿದ್ದಳು. ಅದು ಭಾವನಿಗೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದ, ಎರಡೂ ಕಡೆ ಕಾಲಿಡಲು ಜಾಗ ಇರಲೆಂದು.

ಒಂದು ಬೆಳಿಗ್ಗೆ ಲೋಪ್ರೆಸ್ತಿ ಡೇರಿಗೆ ಬಂದಾಗ ಕಿಟಕಿಯ ಗಾಜಿನ ಮಂಜಿನ ಮೇಲೆ ವಿಗೀಲ್ ತನ್ನ ಹೆಸರು ಬರೆದು ಹೋಗಿದ್ದ. ನಮ್ಮ ಹಳೆಯ ಜರ್ಮನ್ ಕೂಡುಬರಹ. ಇಟಾಲಿಯನ್ ಶಾಲೆಯಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ.

"ಇದನ್ನ ಯಾರು ಕಲಿಸಿದ್ರು ಕಾಸ್ಸಿಯಾನೋ?" ಎಂದು ಚೀಸ್ ಅಗಿಯುತ್ತಲೇ ಕೇಳಿದ ದಫೇದಾರ. ಗದರಿಸಲೂ ಇಲ್ಲ. ಅಜ್ಜಿ ಕಲಿಸಿದಳು ಎಂದಿದ್ದರೂ ನಂಬಿ ಹೋಗುತ್ತಿದ್ದನೇನೋ.

ನಾನು ಕೊಪ್ಪರಿಗೆ ಉಜ್ಜುತ್ತಾ ಅಲ್ಲೇ ಇದ್ದೆ. ಭಾವ ಬಾಯಿ ತೆರೆಯಲಿಲ್ಲ. ಒಮ್ಮೆ ನಕ್ಕ. ಆಮೇಲೆ ಗದ್ದ ಎತ್ತಿ ಊರಿನ ಮೇಲ್ಗಡೆಗೆ, ಕೊನೆಯ ಮನೆಯ ಕಡೆಗೆ ಮುಖ ಮಾಡಿದ. ಅಷ್ಟೇ.

ಆ ವಾರವೇ ಬುರ್ಗಕ್ಕನ ಕೊಟ್ಟಿಗೆಗೆ ನುಗ್ಗಿದರು. ಹಲಗೆಯ ಮೇಲೆ ಹಿಟ್ಟು ಇನ್ನೂ ಒಣಗಿಯೇ ಇತ್ತು, ಹಿಟ್ಟಿನ ಮೇಲೆ ಮಕ್ಕಳ ಅಕ್ಷರವೂ ಇತ್ತು. ಅವಳನ್ನು ಕೆಳಗಿನ ಪಟ್ಟಣಕ್ಕೆ ಕರೆದುಕೊಂಡು ಹೋಗಿ ಹಿಮ ಕರಗುವವರೆಗೂ ಬಂಧನದಲ್ಲಿಟ್ಟರು. ಅವಳ ಹಸುಗಳ ಹಾಲನ್ನು ನಾನು ಹೋಗಿ ಕರೆದೆ.

"ಭಾವ, ನೀನು ತೋರಿಸಿದ್ದು ನಾನು ನೋಡಿದೀನಿ," ಎಂದೆ ಅವನಿಗೆ, ಅಕ್ಕನ ಮುಂದೆಯೇ.

"ನಾನೆಲ್ಲಿ ತೋರಿಸಿದೆ? ಒಂದು ಮಾತು ಆಡಿದ್ನಾ? ಕುತ್ತಿಗೆ ಹಿಡ್ಕೊಂಡಿತ್ತು, ಹೊರಳಿಸಿದೆ."

"ಅದು ಯಾವಾಗ್ಲೂ ಅವರಿಗೆ ಬೇಕಾದ ಕಡೆಗೇ ಹೊರಳುತ್ತಲ್ಲ ಭಾವ."

"ಸುಮ್ನಿರೇ. ನಂಗೂ ಹೆಂಡ್ತಿ ಮಗ ಇದಾರೆ."

ಅವನು ಏನು ಮಾಡಿದರೂ ಕೊನೆಗೆ ಆ ಮಾತಿಗೇ ಬಂದು ನಿಲ್ಲುತ್ತಿದ್ದ. ಹೆಂಡತಿ ಮಗ ಇರುವುದು ಜಗತ್ತಿನಲ್ಲಿ ಅವನೊಬ್ಬನಿಗೇ ಎನ್ನುವ ಹಾಗೆ. ಬುರ್ಗಕ್ಕ ಒಂದು ಕೆಮ್ಮಿನ ಜೊತೆ ಊರಿಗೆ ಮರಳಿದಳು. ನಾನು ವಿಷಯ ಹೇಳಿದಾಗ, "ಗೊತ್ತು ಬಿಡು ಆಫ್ರಾ," ಎಂದಳು. "ಹಸು ಹೇಗಿವೆ?"

ಹತ್ತು ವರ್ಷ ಹೀಗೇ ಕಳೆಯಿತು. ಆಮೇಲೆ ರೋಮಿನಲ್ಲಿರುವವನೂ ಬರ್ಲಿನ್ನಿನಲ್ಲಿರುವವನೂ ಕೂತು ನಮ್ಮ ಬಗ್ಗೆ ಒಂದು ತೀರ್ಮಾನ ಮಾಡಿಕೊಂಡರು. ಜರ್ಮನ್ನರಾಗಿಯೇ ಇರಬೇಕೆನ್ನುವವರು ಮನೆ ಹೊಲ ಬಿಟ್ಟು ಜರ್ಮನಿಗೆ ಹೋಗಬೇಕು, ಇಲ್ಲೇ ಇರುತ್ತೇವೆನ್ನುವವರು ಇಟಲಿಯವರಾಗಿ ಬಾಯಿ ಮುಚ್ಚಿಕೊಂಡಿರಬೇಕು. ಆ ವರ್ಷ ಮುಗಿಯುವುದರೊಳಗೆ ಹೋಗ್ತೀನೋ ಇರ್ತೀನೋ ಎಂದು ಪ್ರತಿಯೊಬ್ಬರೂ ಸಹಿ ಹಾಕಿ ಹೇಳಬೇಕು. ಮೊದಲು ಎಲ್ಲರೂ ಯಾರು ಹೋಗ್ತಾರೆ ಎಂದರು. ಆಮೇಲೆ, ಉಳಿದವರನ್ನು ದೂರದ ದಕ್ಷಿಣದ ಸಿಸಿಲಿ ದ್ವೀಪಕ್ಕೆ ಸಾಗಿಸುತ್ತಾರಂತೆ ಎಂಬ ಗಾಳಿಸುದ್ದಿ ಹಬ್ಬಿತು. ಹೋಗೋಣ ಎನ್ನುವ ದನಿ ದೊಡ್ಡದಾಯಿತು.

ದನಿ ದೊಡ್ಡದಾದದ್ದೇ ಭಾವನಿಗೆ ಕೇಳಿಸಿತು. ಸೇಬು ಕೀಳುವ ಕಾಲದವರೆಗೂ ಬ್ಲಾಸಿಯಾಗಿದ್ದವನು ಮೊದಲ ಹಿಮ ಬೀಳುವ ಹೊತ್ತಿಗೆ ಮತ್ತೆ ಬ್ಲಾಸ್ ಆದ. ಬರೀ ಬ್ಲಾಸ್ ಅಲ್ಲ, ಊರಿನಲ್ಲೇ ಎಲ್ಲರಿಗಿಂತ ದೊಡ್ಡ ಜರ್ಮನ್. ಜರ್ಮನ್ ಪರದವರ ಗುರುತಾದ ಬಿಳಿ ಕಾಲುಚೀಲ ಹಾಕಿಕೊಂಡು ಮನೆಮನೆಗೂ ಹೋಗಿ, "ರಕ್ತ ಕರೀತಿದೆ, ಕೇಳಿಸ್ತಿಲ್ವಾ?" ಎಂದು ಕೇಳುತ್ತಿದ್ದ. ಹೆಂಡತಿಯ ಪರವಾಗಿ, ಮಗನ ಪರವಾಗಿ ಅವನೇ ಸಹಿ ಹಾಕಿದ. ನಾನು ಮದುವೆಯಾಗದವಳು, ವಯಸ್ಸಿಗೆ ಬಂದವಳು, ನನ್ನ ಮಾತನ್ನು ನಾನೇ ಹೇಳಬಹುದಿತ್ತು. ಇರ್ತೀನಿ ಎಂದೆ. ದೊಡ್ಡ ಧೈರ್ಯವೇನಲ್ಲ. ಅಲ್ಲಿಗೆ ಹೋದರೂ ಇವನ ಭಾಷಣ ಕೇಳಿಕೊಂಡೇ ಇರಬೇಕಲ್ಲ ಎನಿಸಿತು, ಅಷ್ಟೆ.

ಬುರ್ಗಕ್ಕನೂ ಇರ್ತೀನಿ ಎಂದಳು. ಇಡೀ ಊರಿನಲ್ಲಿ ಹಾಗೆ ಹೇಳಿದ್ದು ನಾಲ್ಕೇ ಮನೆ. ಅವಳ ಬಾಗಿಲಿಗೆ ಸಗಣಿ ಬಳಿದರು. ಇಗರ್ಜಿಯಲ್ಲಿ ಅವಳು ಕೂತ ಬೆಂಚಿನಿಂದ ಎದ್ದು ಹೋದರು. ಹಿಟ್ಟಿನ ಮೇಲೆ ಅವಳ ಕೈಯಲ್ಲಿ ಅಕ್ಷರ ತಿದ್ದಿದ ಹುಡುಗರೇ ಅವಳ ಕಿಟಕಿಗೆ ಕಲ್ಲು ಹೊಡೆದರು.

ಡಿಸೆಂಬರಿನ ಒಂದು ಬೆಳಿಗ್ಗೆ ಡೇರಿಯ ಮುಂದೆ ಹಾಲು ಹಾಕುವವರ ಸಾಲು ನಿಂತಿತ್ತು. ಬುರ್ಗಕ್ಕ ಕ್ಯಾನ್ ಹೊತ್ತು ತನ್ನ ಸರದಿಗೆ ಬಂದಳು.

"ಬುರ್ಗಾ, ನಿನ್ನ ಹಾಲು ಇಲ್ಲಿ ಬೇಡ," ಎಂದ ಭಾವ.

"ಯಾಕಪ್ಪ? ಹುಳಿ ಬಂದಿದ್ಯಾ?"

"ಇದು ಜರ್ಮನ್ ಡೇರಿ. ಇಲ್ಲಿ ವಾಲ್ಶ್ ಹಾಲು ತಗೊಳಲ್ಲ."

ವಾಲ್ಶ್ ಎಂದರೆ ನಮ್ಮ ಕಡೆ ಇಟಲಿಯವರನ್ನು ಉಗಿಯುವ ಮಾತು. ಸಾಲಿನಲ್ಲಿದ್ದ ಹೆಂಗಸರು ತಮ್ಮ ತಮ್ಮ ಬೂಟು ನೋಡಿಕೊಂಡರು.

"ನನ್ನ ಹಸು ಯಾವ ಭಾಷೇಲಿ ಹಾಲು ಕೊಡುತ್ತೆ ಅಂತ ನಂಗೇ ಗೊತ್ತಾಗಿಲ್ಲ ಕಾಸಿಯಾನ್," ಎಂದಳು ಬುರ್ಗಕ್ಕ. "ನೀನು ಎರಡೂ ಕಲ್ತವನು. ಒಂಚೂರು ಕೇಳಿ ಹೇಳು."

ಹಿಂದೆ ಯಾರೋ ಕಿಸಕ್ಕೆಂದರು. ಅದನ್ನು ಅವನು ತಾಳಲಾರದಾದ. ಬೈದರೆ ತಾಳುತ್ತಿದ್ದ, ನಕ್ಕರೆ ಆಗುತ್ತಿರಲಿಲ್ಲ. ಅವಳ ಕ್ಯಾನ್ ಕಿತ್ತುಕೊಂಡು ಮುಚ್ಚಳ ತೆಗೆದು ಹಾಲನ್ನು ಚರಂಡಿಗೆ ಸುರಿದ. ಹಾಲು ಹಿಮದ ನಡುವೆ ಹರಿದು ಹೊಳೆಯ ಕಡೆಗೆ ಇಳಿಯಿತು. ಬುರ್ಗಕ್ಕ ಖಾಲಿ ಕ್ಯಾನನ್ನು ಎತ್ತಿಕೊಂಡು, ಬಿದ್ದಿದ್ದ ಮುಚ್ಚಳವನ್ನು ಲಂಗಕ್ಕೆ ಒರೆಸಿ ಮುಚ್ಚಿ, ಬಂದ ದಾರಿಯಲ್ಲೇ ಹೋದಳು.

ನಾನು ಏಪ್ರನ್ ಬಿಚ್ಚಿದೆ.

"ಆ ಹೆಂಗಸು ಜರ್ಮನ್ ಕಲಿಸಿ ಜೈಲಿಗೆ ಹೋದಾಗ ನೀನೇನು ಮಾಡ್ತಿದ್ದೆ ಭಾವ? ನಾಯಿಗೆ ಇಟಾಲಿಯನ್ ಪಾಠ ಹೇಳ್ತಿದ್ದೆ," ಎಂದೆ. ಸಾಲಿಗೆಲ್ಲ ಕೇಳುವ ಹಾಗೇ ಹೇಳಿದೆ.

"ಇನ್ಮೇಲೆ ನನ್ನ ಮನೇಲಿ ನಿಂಗೆ ಊಟ ಇಲ್ಲ!"

"ನಿನ್ನ ಮನೆ ಯಾವುದು ಹೇಳು ಮೊದ್ಲು. ಇಲ್ಲಿದೆಯೋ ಬರ್ಲಿನ್ನಲ್ಲೋ?"

ಅವತ್ತೇ ನನ್ನ ಟ್ರಂಕು ಎತ್ತಿಕೊಂಡು ಬುರ್ಗಕ್ಕನ ಮನೆ ಸೇರಿದೆ. ಡೇರಿಗೆ ಹಾಕಲಾಗದ ಹಾಲಿನಲ್ಲಿ ನಾವೇ ಚೀಸ್ ಮಾಡಿದೆವು. ಕೆಟ್ಟದಾಗಿ ಬರುತ್ತಿತ್ತು. ತಿಂದೆವು.

ಮುಂದಿನ ವಸಂತದಿಂದ ರೈಲುಗಳು ಹೊರಡತೊಡಗಿದವು. ಕಣಿವೆಯ ಸ್ಟೇಷನ್ನಿನಲ್ಲಿ ಬ್ಯಾಂಡು, ಬೋಗಿಗಳಿಗೆ ಹೂವಿನ ಹಾರ, ಅಳು. ಪ್ರತಿಯೊಂದು ರೈಲಿಗೂ ನಮ್ಮ ಭಾವನದೇ ಬೀಳ್ಕೊಡುಗೆ ಭಾಷಣ. "ಹೋಗಿ ಬನ್ನಿ ಅಣ್ಣಂದಿರಾ, ನಾವೂ ನಿಮ್ಮ ಹಿಂದೇನೇ ಬರ್ತೀವಿ!" ಎಂದು ಕಣ್ಣೊರೆಸಿಕೊಂಡು, ರೈಲು ತಿರುವು ದಾಟಿದ ಮೇಲೆ ಗಾಡಿ ಹತ್ತಿ ಡೇರಿಗೆ ವಾಪಸು ಬರುತ್ತಿದ್ದ. ಮೊದಲು ಅವನ ಚೀಸ್ ಮಾಗಿರಲಿಲ್ಲ. ಆಮೇಲೆ ಮಂಡಿ ನೋವು. ಆಮೇಲೆ ಮನೆಯ ಬೆಲೆ ಕಟ್ಟುವವರು ಬರಬೇಕಿತ್ತು. ಅವನ ಮಾತು ನಂಬಿ ಸಹಿ ಹಾಕಿದ ಕೂಲಿಯವರು, ಗೇಣಿಯವರು, ಮನೆಗೆಲಸದ ಹುಡುಗಿಯರು ಒಬ್ಬೊಬ್ಬರಾಗಿ ಹೋದರು. ಅವನು ಹೋಗಲಿಲ್ಲ.

ವಿಗೀಲನಿಗೆ ಆಗ ಹದಿನೆಂಟು. ಒಂದು ಮಧ್ಯಾಹ್ನ ಬುರ್ಗಕ್ಕನ ಮನೆಗೆ ಬಂದ. ಒಳಗೆ ಬರಲು ನಾಚಿಕೊಂಡು ಹೊಸ್ತಿಲಲ್ಲೇ ನಿಂತ.

"ಚಿಕ್ಕಮ್ಮ, ಸ್ಟೇಷನ್ನಲ್ಲಿ ಹುಡುಗ್ರು ಕೇಳ್ತಾರೆ. ನಿಮ್ಮಪ್ಪಂಗೆ ಬೀಳ್ಕೊಡೋ ಕೆಲಸಕ್ಕೆ ಎಷ್ಟು ಸಂಬಳ ಅಂತ."

"ಕೇಳಲಿ ಬಿಡೋ."

"ನಾನು ಹೋಗ್ತಿದೀನಿ. ಶನಿವಾರದ ರೈಲಿಗೆ."

"ನಿಮ್ಮಪ್ಪ ಆಡಿದ ಮಾತನ್ನ ನೀನ್ಯಾಕೋ ಉಳಿಸ್ಬೇಕು?"

"ಮನೇಲಿ ಯಾರಾದ್ರೂ ಒಬ್ರು ಉಳಿಸ್ಬೇಕಲ್ಲ ಚಿಕ್ಕಮ್ಮ. ಇಲ್ದಿದ್ರೆ ನಾವು ಎಂಥ ಜನ?"

ನಾನು ಕೈ ಹಿಡಿದು ಜಗ್ಗಿದೆ, ಬೈದೆ, ಬೇಡಿಕೊಂಡೆ. ಬುರ್ಗಕ್ಕ ಒಳಗಿಂದ ರೈ ರೊಟ್ಟಿಯನ್ನೂ ಹೊಗೆಯಲ್ಲಿ ಒಣಗಿಸಿದ ಒಂದು ತುಂಡು ಮಾಂಸವನ್ನೂ ಬಟ್ಟೆಯಲ್ಲಿ ಕಟ್ಟಿ ತಂದಳು. "ಕಿಟಕಿ ಕಲ್ಲು ನಿಂದಲ್ಲ ತಾನೆ?" ಎಂದು ಕೇಳಿದಳು. ಅಲ್ಲ ಎಂದು ತಲೆಯಾಡಿಸಿದ. "ಗೊತ್ತಿತ್ತು," ಎಂದು ಅವನ ಕೆನ್ನೆ ತಟ್ಟಿದಳು.

ಶನಿವಾರ ಸ್ಟೇಷನ್ನಿನಲ್ಲಿ ಭಾವ ತನ್ನ ಮಗನನ್ನೇ ತೋರಿಸಿ ಭಾಷಣ ಮಾಡಿದ. ಹಿಂದೆಂದೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ವಿಗೀಲ್ ಅಪ್ಪನ ಕಡೆ ನೋಡಲಿಲ್ಲ. ತಾಯಿಯ ಎರಡೂ ಕೈಗಳನ್ನು ರೈಲು ಅಲುಗುವವರೆಗೂ ಹಿಡಿದುಕೊಂಡಿದ್ದ. ಅಲ್ಲಿ ಅವನಿಗೆ ಸಮವಸ್ತ್ರ ಕೊಟ್ಟರು, ಕೋವಿ ಕೊಟ್ಟರು, ಎರಡನೆಯ ಚಳಿಗಾಲಕ್ಕೆ ರಷ್ಯಾದಲ್ಲಿ ಸತ್ತ.

ಸುದ್ದಿ ಬಂದ ದಿನ ಭಾವ ಡೇರಿಯ ಉಪ್ಪಿನ ಕೋಣೆಯಲ್ಲಿ ಚೀಸಿನ ಕಪಾಟಿಗೆ ಹಣೆ ಒತ್ತಿಕೊಂಡು ಅಳುತ್ತಿದ್ದ. ಅಕ್ಕನನ್ನು ನೋಡಲು ಹೋದವಳು ಅದನ್ನು ಕಂಡೆ. ಆ ಒಂದು ದಿನ ಅವನ ಮೇಲೆ ನನಗೆ ನಿಜಕ್ಕೂ ಮರುಕ ಬಂತು. ಮರುದಿನ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಇಗರ್ಜಿಯ ಮುಂದೆ ನಿಂತು, "ನಮ್ಮ ಮನೆಯಿಂದಲೂ ಒಬ್ಬ ಪ್ರಾಣ ಕೊಟ್ಟ, ನಮಗೆ ಹೆಮ್ಮೆ," ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದ. ಬಂದ ಮರುಕ ಅಲ್ಲಿಗೇ ಹೋಯಿತು.

ಸಂಜೆ ಮನೆಯಲ್ಲಿ ಅಕ್ಕ ಅವನ ಎದುರು ಬಂದು ಕೂತಳು.

"ಅವನು ಎಲ್ಲಿ ಸತ್ತ? ಆ ಊರಿನ ಹೆಸರು ಹೇಳು."

ಅವನು ಹೇಳಲು ನೋಡಿದ. ರಷ್ಯಾದ ಹೆಸರು, ಬಾಯಿಗೆ ಬರಲಿಲ್ಲ. ಎರಡು ಸಲ ತೊದಲಿದ.

"ಹೇಳೋಕೂ ಬರದ ಊರಿಗೆ ಮಗನ್ನ ಕಳಿಸ್ದೆ," ಎಂದಳು ತೆಕ್ಲಾ.

ಅದಾದ ಮೇಲೆ ಅವಳು ಗಂಡನ ಜೊತೆ ಮಾತು ಬಿಟ್ಟಳು. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಹಾಸಿಗೆ ಬೇರೆ ಹಾಕಿಕೊಂಡಳು. ಅವನು ಏನು ಕೇಳಿದರೂ ಉತ್ತರವಿಲ್ಲ. ಊರಲ್ಲಿ ಯಾರ ಮಾತಿಗೂ ಬೇಗ ಹೊಂದಿಕೊಳ್ಳುವವನು ಮನೆಯ ಮೌನಕ್ಕೂ ಬೇಗ ಹೊಂದಿಕೊಂಡ. ತಾನೇ ಕೇಳಿ ತಾನೇ ಉತ್ತರ ಹೇಳಿಕೊಳ್ಳುವುದನ್ನು ಕಲಿತ.

ಇಟಲಿ ಸೋತು ಜರ್ಮನ್ ಸೈನ್ಯವೇ ಕಣಿವೆಗೆ ಬಂದಾಗ, ಹೋಗ್ತೀನಿ ಎಂದು ಹೋಗದೆ ಉಳಿದವರಿಗೆ ಇದ್ದಲ್ಲಿಗೇ ಜರ್ಮನಿ ಬಂದ ಹಾಗಾಯಿತು. ಭಾವನ ತೋಳಿಗೆ ಈಗ ಬೇರೆ ಪಟ್ಟಿ, ಹೆಗಲಿಗೆ ಒಂದು ಹಳೆಯ ಕೋವಿ. ಊರು ಕಾಯುವ ದಳದವನಂತೆ. ಠಾಣೆಯ ಇಟಲಿಯವರನ್ನು ಹಿಡಿದು ಲಾರಿಗೆ ಹತ್ತಿಸುವ ಕೆಲಸ ಬಂದಾಗ ಲೋಪ್ರೆಸ್ತಿಯ ಮನೆಯ ದಾರಿ ತೋರಿಸಿದವನು ಅವನೇ. ದಾರಿ ಎಲ್ಲರಿಗೂ ಗೊತ್ತಿತ್ತು, ಆದರೂ ಮುಂದೆ ನಡೆದ. ಮುದುಕನಾಗಿದ್ದ ದಫೇದಾರ ಚಪ್ಪಲಿಯಲ್ಲೇ ಹೊರಗೆ ಬಂದ. ಚೌಕದಲ್ಲಿ ನಾವೆಲ್ಲ ನೋಡುತ್ತಿದ್ದೆವು. ಅವನಿಗೆ ನಮ್ಮ ಭಾಷೆ ಅಷ್ಟಿಷ್ಟು ಬರುತ್ತಿತ್ತು.

"ಏನು ಕಾಸ್ಸಿಯಾನೋ, ಇವತ್ತು ಚೀಸ್ ಇಲ್ವಾ?" ಎಂದ.

ಭಾವ ಕೋವಿಯ ಹಿಡಿಯಿಂದ ಅವನ ಬೆನ್ನಿಗೆ ತಿವಿದ. ಜೋರಾಗಿ ಅಲ್ಲ. ಪಕ್ಕದಲ್ಲಿದ್ದ ಜರ್ಮನ್ ಅಧಿಕಾರಿಗೆ ಕಾಣಿಸುವಷ್ಟು. ಲೋಪ್ರೆಸ್ತಿ ಮರಳಿ ಬರಲಿಲ್ಲ. ಎಲ್ಲಿಗೆ ಒಯ್ದರೋ ನಮಗೆ ಇಂದಿಗೂ ತಿಳಿಯದು.

ಯುದ್ಧ ಮುಗಿಯಿತು. ಭಾವ ಕೋವಿಯನ್ನು ಹೊಳೆಗೆ ಎಸೆದು, ಪಟ್ಟಿಯನ್ನು ಒಲೆಗೆ ಹಾಕಿ, ಅಮೆರಿಕದ ಸೈನಿಕರು ಬಂದಾಗ ಡೇರಿಯ ಬಾಗಿಲಲ್ಲಿ ಚೀಸಿನ ತಟ್ಟೆ ಹಿಡಿದು ನಿಂತಿದ್ದ. ಆಮೇಲೆ ಮತ್ತೆ ಇಟಲಿ ಬಂತು. ಈಗ ಅವನಿಗೆ ಒಂದು ತೊಡಕಾಯಿತು. ಜರ್ಮನಿಗೆ ಹೋಗುತ್ತೇನೆಂದು ಸಹಿ ಹಾಕಿದ್ದವನು ಯಾವ ದೇಶದವನೂ ಅಲ್ಲದೆ ಉಳಿದಿದ್ದ. ಇಟಲಿಯ ಪೌರತ್ವ ಮತ್ತೆ ಬೇಕೆಂದರೆ ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾನೆ, ಕೆಟ್ಟ ನಾಜಿಗಳಾಗಿದ್ದವರಿಗೆ ಕೊಡುವುದಿಲ್ಲ ಎಂದರು. ಊರಿನಲ್ಲಿ ಯಾರ ಮಾತಿಗೆ ಬೆಲೆ? ಆಗ ಉಳಿಯುತ್ತೇನೆ ಎಂದ ನಾಲ್ಕು ಮನೆಯವರದು. ನಾಲ್ಕರಲ್ಲೂ ಮೊದಲನೆಯವಳು ಬುರ್ಗಕ್ಕ, ಏಕೆಂದರೆ ಅವಳ ಹಾಲು ಚರಂಡಿ ಸೇರಿದ್ದು ಕೆಳಗಿನ ಪಟ್ಟಣದವರೆಗೂ ಗೊತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಭಾವ ನಮ್ಮ ಮನೆಯ ಬಾಗಿಲಿಗೆ ಬಂದ. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ದೊಡ್ಡ ಚೀಸ್ ಚಕ್ರ.

"ಬುರ್ಗಾ, ಹೇಗಿದೀಯಮ್ಮ? ಕೆಮ್ಮು ಹೇಗಿದೆ? ಎರಡು ವರ್ಷದ ಚೀಸ್ ಇದು. ಊರಲ್ಲಿ ಇನ್ಯಾರ ಹತ್ರಾನೂ ಇಲ್ಲ."

ಬುರ್ಗಕ್ಕ ಕೂರು ಎನ್ನಲಿಲ್ಲ. "ಏನು ಬೇಕು?"

"ಗುರುವಾರ ಆ ಸಾಹೇಬ್ರು ಬರ್ತಾರಂತೆ. ನಿನ್ನ ಕೇಳ್ತಾರೆ. ಒಂದು ಒಳ್ಳೆ ಮಾತು... ಆಗ ಕಾಲ ಹಾಗಿತ್ತು ಬುರ್ಗಾ. ನಿಂಗೂ ಗೊತ್ತು. ನಂಗೂ ಹೆಂಡ್ತಿ..." ಎಂದು ನಿಲ್ಲಿಸಿದ. ಮಗ ಎನ್ನುವ ಮಾತಿನ ಬದಲು ಚೀಸಿನ ಬಟ್ಟೆ ಸರಿಮಾಡಿದ.

"ಚೀಸ್ ತಗೊಂಡು ಹೋಗು," ಎಂದಳು ಬುರ್ಗಕ್ಕ. "ಗುರುವಾರ ಬರ್ತೀನಿ."

ಗುರುವಾರ ಅವಳ ಜೊತೆ ನಾನೂ ಹೋದೆ. ಪಂಚಾಯತಿ ಕಚೇರಿಯಲ್ಲಿ ಕನ್ನಡಕದ ಒಬ್ಬ ಅಧಿಕಾರಿ, ಪಕ್ಕದಲ್ಲಿ ನಮ್ಮ ಮಾತನ್ನು ಅವನಿಗೆ ತಿಳಿಸಿಕೊಡುವವನು. ಗೋಡೆಗೆ ಒತ್ತಿಕೊಂಡು ಊರಿನ ಅರ್ಧ ಜನ. ಭಾವ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. ಈ ಮನುಷ್ಯ ನಾಜಿಯೇ ಎಂದು ಅಧಿಕಾರಿ ಕೇಳಿದ.

ಬುರ್ಗಕ್ಕ ಭಾವನನ್ನು ಮೇಲಿಂದ ಕೆಳಗೆ ನೋಡಿದಳು, ಸಂತೆಯಲ್ಲಿ ಕೊಳ್ಳುವ ಮನಸ್ಸಿಲ್ಲದ ಕರುವನ್ನು ನೋಡುವ ಹಾಗೆ.

"ಇವನಾ? ಇಲ್ಲ ಸಾಹೇಬ್ರೆ. ನಾಜಿ ಆಗ್ಬೇಕಾದ್ರೂ ಏನಾದ್ರೂ ಒಂದನ್ನ ನಂಬಬೇಕು. ಇವನು ಯಾವತ್ತೂ ಏನನ್ನೂ ನಂಬಿದವನಲ್ಲ. ನೀವು ಇವನನ್ನ ಇಟಲಿಯವನು ಮಾಡಿ, ಇವತ್ತು ಇಟಲಿಯವನಾಗ್ತಾನೆ. ನಾಳೆ ತುರ್ಕರು ಬಂದ್ರೆ ಬೆಳಗಾಗೋದ್ರೊಳಗೆ ಟೋಪಿ ಬದಲಾಯಿಸ್ತಾನೆ. ಇವನಿಂದ ನಿಮ್ಮ ದೇಶಕ್ಕೆ ಅಪಾಯ ಇಲ್ಲ. ಉಪಯೋಗಾನೂ ಇಲ್ಲ. ಚೀಸ್ ಮಾತ್ರ ಚೆನ್ನಾಗಿ ಮಾಡ್ತಾನೆ."

ಕೋಣೆಯಲ್ಲಿ ನಗು ಹೊಮ್ಮಿತು. ತಿಳಿಸಿಕೊಡುವವನು ನಗು ತಡೆದುಕೊಂಡು ಹೇಳಿ ಮುಗಿಸಿದಾಗ ಅಧಿಕಾರಿಯೂ ನಕ್ಕ. ಅಷ್ಟು ಜನ ನಗುವಾಗ ತಾನೊಬ್ಬ ಹೇಗೆ ಸುಮ್ಮನಿರುವುದು? ಭಾವನೂ ನಕ್ಕ. ತಲೆಯಾಡಿಸಿ ಆಡಿಸಿ ನಕ್ಕ. ಬಗ್ಗಿ ಬುರ್ಗಕ್ಕನ ಕೈ ಹಿಡಿಯಲು ಬಂದ. ಅವಳು ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು.

ಪೌರತ್ವ ಸಿಕ್ಕಿತು. ಹೆಂಡದಂಗಡಿಯಲ್ಲಿ ಅವನು, "ಬುರ್ಗಾ ನನ್ನ ಪರವಾಗಿ ಎಂಥ ಮಾತು ಹೇಳಿದಳು, ಕೇಳಿದ್ರಾ?" ಎನ್ನುತ್ತಿದ್ದನಂತೆ. ಅವನಿಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿಯೂ ನುಂಗಿಕೊಂಡನೋ, ನಾನು ಕೇಳಲು ಹೋಗಲಿಲ್ಲ. ಅಂಥವನೊಳಗೆ ಇಣುಕಿ ನೋಡಿ ಆಗಬೇಕಾದದ್ದೇನು?

ಮುಂದಿನ ಹತ್ತು ವರ್ಷದಲ್ಲಿ ಗಾಳಿ ಇನ್ನೊಮ್ಮೆ ತಿರುಗಿತು. ಜರ್ಮನ್ ಶಾಲೆಗಳು ಮತ್ತೆ ತೆರೆದವು. ನಮ್ಮ ಭಾಷೆ, ನಮ್ಮ ನೆಲ, ನಮ್ಮ ಹಕ್ಕು ಎಂದು ಸಭೆಗಳು ನಡೆದವು. ಆ ಮಾತು ನ್ಯಾಯದ್ದೇ. ಆದರೆ ಪ್ರತಿ ಸಭೆಯ ಮೊದಲ ಸಾಲಿನಲ್ಲಿ ಹಸಿರು ಟೋಪಿ, ಚರ್ಮದ ಚಡ್ಡಿಯ ನಮ್ಮ ಹಳೆಯ ಉಡುಪು ಹಾಕಿಕೊಂಡು ಕಾಸಿಯಾನ್ ಬ್ಲಾಸ್ ಕೂತಿರುತ್ತಿದ್ದ. ಶಾಲೆಯ ಹೊಸ ಕಟ್ಟಡ ಆದಾಗ, ಕಷ್ಟಕಾಲದಲ್ಲಿ ಭಾಷೆ ಉಳಿಸಿದ ಹಿರಿಯರು ಎಂದು ಅವನನ್ನು ವೇದಿಕೆ ಹತ್ತಿಸಿದರು. ಊರಿನವರಿಗೆ ಎಲ್ಲ ಗೊತ್ತಿತ್ತು. ಆದರೂ ಕೈ ತಟ್ಟಿದರು, ಏಕೆಂದರೆ ಅವರಲ್ಲೂ ಹೆಚ್ಚಿನವರು ಒಂದಲ್ಲ ಒಂದು ದಿನ ತಮ್ಮ ಬೂಟು ನೋಡಿಕೊಂಡು ನಿಂತವರೇ. ಅವನು ಅವರಿಗೆಲ್ಲ ಹಿತವಾಗಿದ್ದ. ಅವನನ್ನು ಒಪ್ಪಿಕೊಂಡರೆ ತಮ್ಮನ್ನೂ ಒಪ್ಪಿಕೊಂಡ ಹಾಗೆ.

ಬುರ್ಗಕ್ಕನನ್ನು ವೇದಿಕೆಗೆ ಕರೆದಿರಲಿಲ್ಲ. ಆ ದಿನ ಅವಳು ಆಲೂಗಡ್ಡೆ ಅಗೆಯುತ್ತಿದ್ದಳು. ನಾನು ಬಂದು ಕೂಗಾಡಿದಾಗ, "ಹೋಗ್ಲಿ ಬಿಡೇ, ಮಕ್ಕಳಿಗೆ ಶಾಲೆ ಬಂತಲ್ಲ," ಎಂದಳು. ಅವಳ ಆ ತಾಳ್ಮೆ ನನಗೆ ಬರಲಿಲ್ಲ. ಬರಬೇಕೆಂದು ಆಸೆಯೂ ಇರಲಿಲ್ಲ.

ಹಳೆಯ ಕೆಮ್ಮೇ ಕೊನೆಗೆ ಅವಳನ್ನು ಒಯ್ದಿತು. ಮಣ್ಣು ಮಾಡುವ ದಿನ ಪಾದ್ರಿ ಒಂದು ಪ್ರಾರ್ಥನೆ ಮುಗಿಸಿ ಇನ್ನೊಂದಕ್ಕೆ ಪುಟ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಭಾವ ಗುಂಪಿನಿಂದ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

"ಆ ಕತ್ತಲ ಕಾಲದಲ್ಲಿ," ಎಂದು ಶುರುಮಾಡಿದ, "ಬುರ್ಗಾ ಮತ್ತು ನಾನು..."

"ಕಾಸಿಯಾನ್."

ಯಾರು ಕರೆದದ್ದೆಂದು ಮೊದಲು ಗೊತ್ತೇ ಆಗಲಿಲ್ಲ. ಹದಿನೈದು ವರ್ಷದ ಮೇಲೆ ತೆಕ್ಲಾ ಗಂಡನ ಹೆಸರು ಹಿಡಿದು ಕರೆದಿದ್ದಳು. ಕೂಗಲಿಲ್ಲ. ಮೇಜಿನ ಮೇಲೆ ಕೈಹಾಕಿದ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದಳು.

"ಬಾಯಿ ಮುಚ್ಕೊಂಡು ಮನೆಗೆ ನಡಿ."

ಅವನು ಸುತ್ತ ನೋಡಿದ. ಪಾದ್ರಿ ಪುಸ್ತಕ ನೋಡುತ್ತಿದ್ದರು. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ಎಲ್ಲಕ್ಕಿಂತ ದೊಡ್ಡ ದನಿ ಅವಳದೇ ಆಗಿತ್ತು. ಅವನು ಅದಕ್ಕೂ ವಿಧೇಯನಾದ. ಟೋಪಿ ಹಾಕಿಕೊಂಡು, ಗೋರಿಗಳ ನಡುವೆ ಸುತ್ತಿಕೊಂಡು ಗೇಟು ದಾಟಿ ಹೋದ. ಪಾದ್ರಿ ಪ್ರಾರ್ಥನೆ ಮುಂದುವರಿಸಿದರು.

ಬುರ್ಗಕ್ಕ ತೋಟವನ್ನು ನನ್ನ ಹೆಸರಿಗೆ ಬಿಟ್ಟುಹೋಗಿದ್ದಳು. ಮನೆಯಲ್ಲಿ ಒಬ್ಬಳೇ ಆದೆ. ಭಾವನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದಾಗ ಅಕ್ಕ ಬಾ ಎಂದಳು, ಹೋದೆ. ಅವಳಿಗಾಗಿ ಹೋದೆ. ಅವನಿಗೆ ಚಮಚದಲ್ಲಿ ಸೂಪು ಕುಡಿಸಿದೆ, ಗಡ್ಡ ಹೆರೆದೆ. ಅವನು ಒಳ್ಳೆಯ ರೋಗಿ, ಯಾರು ಏನು ಹೇಳಿದರೂ ಕೇಳುತ್ತಿದ್ದ. ಹಗಲೆಲ್ಲ ಮನೆಯ ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದೆವು. ರಸ್ತೆಯಲ್ಲಿ ಹೋಗುವ ಪ್ರತಿಯೊಂದಕ್ಕೂ ಎಡಗೈಯಲ್ಲಿ ಟೋಪಿ ಎತ್ತುತ್ತಿದ್ದ. ಠಾಣೆಯ ಜೀಪಿಗೆ, ಜರ್ಮನಿಯಿಂದ ಬರುವ ಪ್ರವಾಸಿಗಳ ಕಾರಿಗೆ, ಪಾದ್ರಿಯ ಸೈಕಲ್ಲಿಗೆ. ಒಮ್ಮೆ ಕಸಾಯಿಖಾನೆಗೆ ದನ ಸಾಗಿಸುವ ಲಾರಿ ಹೋಯಿತು. ಅದಕ್ಕೂ ಎತ್ತಿದ.

"ಯಾರಿಗೆ ಭಾವ ನಮಸ್ಕಾರ?" ಎಂದು ಕೇಳಿದೆ.

"ಯಾರಿದ್ರೋ ಏನೋ. ಎತ್ತಿದ್ರೆ ನಷ್ಟ ಇಲ್ವಲ್ಲ," ಎಂದ, ಅರ್ಧ ಬಾಯಲ್ಲಿ.

ಜುಲೈ ತಿಂಗಳ ಒಂದು ಮಧ್ಯಾಹ್ನ ಅದೇ ಬೆಂಚಿನ ಮೇಲೆ ಹೋದ. ಶವಯಾತ್ರೆಗೆ ಬ್ಯಾಂಡು ಬಂತು. ಪಂಚಾಯತಿಯ ಹಾರ ಬಂತು, ಠಾಣೆಯವರದೂ ಬಂತು, ಜರ್ಮನಿಯ ಮ್ಯೂನಿಕ್ಕಿನ ಯಾವುದೋ ಸಂಘದವರದೂ ಬಂತು. ಮೂವರೂ ಅವನು ನಮ್ಮವನು ಎಂದರು. ಭಾಷೆಯ ಕಾವಲುಗಾರ ಎಂದು ಪಂಚಾಯತಿಯ ಅಧ್ಯಕ್ಷ ಹೇಳುವಾಗ ನಾನು ಅಕ್ಕನ ಮುಖ ನೋಡಿದೆ. ಅವಳು ಆಕಾಶ ನೋಡುತ್ತಿದ್ದಳು, ಮೋಡ ಕಟ್ಟುತ್ತಿತ್ತು.

"ಬೇಗ ಹೋಗೋಣ ಆಫ್ರಾ," ಎಂದಳು. "ಮಳೆ ಬಂದ್ರೆ ಹಣ್ಣು ಒಡೆದು ಹೋಗುತ್ತೆ."

ಸೂತಕದ ಊಟಕ್ಕೆ ಬಂದವರನ್ನು ಹೆಂಡದಂಗಡಿಯಲ್ಲೇ ಬಿಟ್ಟು ನಾವಿಬ್ಬರೂ ತೋಟಕ್ಕೆ ಬಂದೆವು. ಕಪ್ಪು ಬಟ್ಟೆಯ ಮೇಲೆಯೇ ಏಪ್ರನ್ ಕಟ್ಟಿಕೊಂಡು, ಕೈಗೆ ಎಟುಕುವ ಏಪ್ರಿಕಾಟ್‌ಗಳನ್ನೆಲ್ಲ ಬುಟ್ಟಿಗೆ ಕಿತ್ತು, ಅಡುಗೆಮನೆಯಲ್ಲಿ ಕೂತು ಒಂದೊಂದೇ ಸೀಳಿ ಬೀಜ ತೆಗೆದೆವು. ಆ ವರ್ಷ ಹಣ್ಣು ಬಹಳ ಸಿಹಿಯಾಗಿತ್ತು. ಜಾಮಿಗೆ ಸಕ್ಕರೆ ಅರ್ಧ ಸಾಕಾಯಿತು.